ಕೈಯಲ್ಲಿ ದೊಡ್ಡ ಮೊತ್ತವಿದೆ: ಈಗಲೇ ಇಂಡೆಕ್ಸ್ ಫಂಡ್‌ಗೆ ಹಾಕುವುದೋ, ಮಾರುಕಟ್ಟೆ ಇಳಿಯಲಿ ಅಂತ ಕಾಯುವುದೋ?

ಪ್ರಶ್ನೆ

ಹದಿನೈದು ವರ್ಷ ಮುಟ್ಟಬೇಕಿಲ್ಲದ ಒಂದು ಮೊತ್ತ ಉಳಿತಾಯ ಖಾತೆಯಲ್ಲಿದೆ. ಅರ್ಧ ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್), ಅರ್ಧ ಇಟಿಎಫ್ (ಷೇರಿನ ಹಾಗೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಅಂಥದ್ದೇ ಫಂಡ್) ಅಂತ ಯೋಚನೆ. ಸೂಚ್ಯಂಕ ಈಗ ಸಾರ್ವಕಾಲಿಕ ಗರಿಷ್ಠ ಮಟ್ಟದಲ್ಲಿದೆ. ಶೇ 10 ಇಳಿಯುವವರೆಗೆ ಕಾಯಲೇ, ಹನ್ನೆರಡು ಕಂತು ಮಾಡಲೇ, ಒಂದೇ ಸಲ ಹಾಕಿಬಿಡಲೇ? ಇಟಿಎಫ್ ಕೊಳ್ಳಲು ದಿನದ ಯಾವ ಹೊತ್ತು ಒಳ್ಳೆಯದು?

ಉತ್ತರ 1

ಮೊದಲು ಕಾಯುವುದರ ಲೆಕ್ಕ ನೋಡಿ. ಸೂಚ್ಯಂಕ ಇವತ್ತು 100 ಅಂದುಕೊಳ್ಳಿ. ನೀವು ಕಾಯುತ್ತಿರುವಾಗ ಅದು 120ಕ್ಕೆ ಏರಿ, ಆಮೇಲೆ ಶೇ 10 ಬಿದ್ದರೆ 108ಕ್ಕೆ ಬರುತ್ತದೆ. ಅಷ್ಟು ಕಾದು ಸಿಕ್ಕಿದ್ದು ಇವತ್ತಿಗಿಂತ ಶೇ 8 ದುಬಾರಿ ಬೆಲೆ. ಇಳಿಕೆ ಬಂದೇ ಬರುತ್ತದೆ, ಎಷ್ಟು ಎತ್ತರದಿಂದ ಬರುತ್ತದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಬಿದ್ದ ದಿನ ಸುದ್ದಿಯೂ ಕೆಟ್ಟದಾಗಿರುತ್ತದೆ, 'ಇನ್ನಷ್ಟು ಬೀಳಲಿ' ಅನ್ನಿಸುತ್ತದೆ. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ 2020ರ ಫೆಬ್ರುವರಿ 19ರಿಂದ ಮಾರ್ಚ್ 23ರೊಳಗೆ ಸುಮಾರು ಶೇ 34 ಕುಸಿಯಿತು. ಆಗಸ್ಟ್‌ನಲ್ಲೇ ಹಳೆಯ ಗರಿಷ್ಠವನ್ನು ದಾಟಿತು. ಇನ್ನೂ ಕೆಳಗೆ ಹೋಗಲಿ ಅಂತ ಕಾದವರಿಗೆ ಆ ಬೆಲೆ ಸಿಗಲೇ ಇಲ್ಲ.

ಗರಿಷ್ಠ ಮಟ್ಟ ಅಂತ ಹೆದರಬೇಡಿ. ವರ್ಷಗಟ್ಟಲೆ ಮೇಲೇರುವ ಸೂಚ್ಯಂಕ ಮತ್ತೆ ಮತ್ತೆ ಹೊಸ ಗರಿಷ್ಠ ಮುಟ್ಟಲೇಬೇಕು.

ಇನ್ನು ಕಂತು. ಮೊದಲನೆಯದು ಇವತ್ತು, ಹನ್ನೆರಡನೆಯದು ಹನ್ನೊಂದು ತಿಂಗಳ ನಂತರ ಅಂದರೆ ನಿಮ್ಮ ಹಣ ಸರಾಸರಿ ಐದೂವರೆ ತಿಂಗಳು ಹೊರಗಿರುತ್ತದೆ. ಷೇರುಗಳು ಉಳಿತಾಯ ಖಾತೆಗಿಂತ ವರ್ಷಕ್ಕೆ ಶೇ 5 ಹೆಚ್ಚು ಕೊಡುತ್ತವೆ ಅಂತಿಟ್ಟುಕೊಂಡರೆ, ಕೈತಪ್ಪುವುದು ಸುಮಾರು ಶೇ 2.3. ಅಮೆರಿಕದ ಫಂಡ್ ಕಂಪನಿ ವ್ಯಾನ್‌ಗಾರ್ಡ್ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮಾರುಕಟ್ಟೆಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಸರಿಸುಮಾರು ಮೂರರಲ್ಲಿ ಎರಡು ಸಲ ಒಂದೇ ಸಲ ಹಾಕಿದ್ದೇ ಗೆದ್ದಿತ್ತು. ಹಾಗಾಗಿ ನನ್ನ ಮತ ಒಂದೇ ಸಲಕ್ಕೆ.

ಉತ್ತರ 2

ಮೇಲಿನ ಲೆಕ್ಕ ಸರಿ. ಆದರೆ ಉಳಿದ ಮೂರನೇ ಒಂದು ಪಾಲನ್ನೂ ನೋಡಬೇಕು. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅದೇ ಎಸ್ ಅಂಡ್ ಪಿ 500 ಸುಮಾರು ಶೇ 57 ಬಿದ್ದಿತ್ತು. ಅರ್ಧ ಕರಗಿದ ಹಣ ಮೊದಲಿನ ಮಟ್ಟಕ್ಕೆ ಬರಲು ಶೇ 100 ಏರಬೇಕು. ಅಷ್ಟು ಹೊತ್ತು ಮಾರದೆ ಕೂರಬಲ್ಲಿರಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನುವುದಾದರೆ ಸಮಸ್ಯೆ ಇರುವುದು ಸಮಯದಲ್ಲಲ್ಲ, ಷೇರಿನ ಪಾಲು ಜಾಸ್ತಿಯಾಗಿದೆ. 100ರಲ್ಲಿ 60 ಮಾತ್ರ ಷೇರಿಗೆ ಹಾಕಿ, ಉಳಿದದ್ದು ಸಾಲಪತ್ರ ಅಥವಾ ಠೇವಣಿಯಲ್ಲಿರಲಿ. ಒಂದು ವರ್ಷ ಕಂತು ಕಟ್ಟಿದರೆ ಅಪಾಯ ಆ ವರ್ಷ ಮಾತ್ರ ಕಡಿಮೆ. ಹದಿಮೂರನೇ ತಿಂಗಳಿನಿಂದ ಪೂರ್ತಿ ಹಣ ಮಾರುಕಟ್ಟೆಯಲ್ಲೇ ಇರುತ್ತದೆ.

ಕಂತೇ ಬೇಕೆಂದರೆ ಮೂರರಿಂದ ಆರು ಸಾಕು. ತಾರೀಖು, ಮೊತ್ತ ಎರಡನ್ನೂ ಇವತ್ತೇ ನಿಗದಿ ಮಾಡಿ, ತಾನಾಗಿ ಕಡಿತವಾಗುವಂತೆ ಮಾಡಿ. ಹೆಚ್ಚಿನವರು ಎಡವುವುದು ಇಲ್ಲಿ: ಎರಡು ಕಂತಾದ ಮೇಲೆ ಮಾರುಕಟ್ಟೆ ಬೀಳುತ್ತದೆ, ಮೂರನೆಯದನ್ನು ನಿಲ್ಲಿಸಿಬಿಡುತ್ತಾರೆ. ವಿಮೆಯ ಪ್ರೀಮಿಯಂ ಕಟ್ಟಿ, ಕ್ಲೇಮ್ ಮಾಡುವ ದಿನ ಪಾಲಿಸಿ ರದ್ದು ಮಾಡಿದ ಹಾಗೆ.

ಒಂದೇ ದೇಶದ ಸೂಚ್ಯಂಕಕ್ಕೆ ಎಲ್ಲವನ್ನೂ ಹಾಕಬೇಡಿ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಗರಿಷ್ಠವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ನಿಮ್ಮ ಹದಿನೈದು ವರ್ಷ ಅದಕ್ಕೆ ಸಾಲುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. 60:40 ಮಾಡಿ, ಷೇರಿನ ಪಾಲನ್ನು ನಾಲ್ಕು ಕಂತಿನಲ್ಲಿ ಹಾಕುತ್ತೇನೆ. ಇಟಿಎಫ್ ಬಗ್ಗೆ ಯಾರಾದರೂ ಹೇಳಿ.

ಉತ್ತರ 3

ಇಂಡೆಕ್ಸ್ ಫಂಡ್‌ನಲ್ಲಿ ಹೊತ್ತು ನೋಡುವ ಅಗತ್ಯವಿಲ್ಲ. ನಿಗದಿತ ಗಡುವಿನೊಳಗೆ ಹಣ ತಲುಪಿದರೆ ಎಲ್ಲರಿಗೂ ಒಂದೇ ಎನ್‌ಎವಿ (ಒಂದು ಯೂನಿಟ್‌ನ ಆ ದಿನದ ಮೌಲ್ಯ).

ಇಟಿಎಫ್‌ಗೆ ಎರಡು ಬೆಲೆ ಇರುತ್ತವೆ. ಕೊಳ್ಳುವವರು ಕೊಡಲು ಸಿದ್ಧವಿರುವುದು 99.60, ಮಾರುವವರು ಕೇಳುವುದು 100.40 ಅಂದುಕೊಳ್ಳಿ. ನಡುಬೆಲೆ 100. ನೀವು 100.40ಕ್ಕೆ ಕೊಂಡರೆ ಆ ಕ್ಷಣವೇ ಶೇ 0.40 ಹೋಯಿತು. ವಾರ್ಷಿಕ ವೆಚ್ಚ ಶೇ 0.05 ಕಡಿಮೆ ಅಂತ ಆ ಇಟಿಎಫ್ ಆರಿಸಿಕೊಂಡಿದ್ದರೆ, ಎಂಟು ವರ್ಷದ ಉಳಿತಾಯ ಒಂದೇ ಆರ್ಡರ್‌ನಲ್ಲಿ ಮುಗಿಯಿತು. ಅದಕ್ಕೇ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಳ್ಳುವುದು) ಬೇಡ. ಐಎನ್‌ಎವಿ (ವಹಿವಾಟಿನ ಹೊತ್ತಿನಲ್ಲಿ ತೋರಿಸುವ ಯೂನಿಟ್‌ನ ಅಂದಾಜು ಮೌಲ್ಯ) ನೋಡಿ, ಅದರ ಆಸುಪಾಸಿನಲ್ಲೇ ಲಿಮಿಟ್ ಆರ್ಡರ್ (ಇಷ್ಟಕ್ಕಿಂತ ಹೆಚ್ಚು ಕೊಡಲ್ಲ ಅನ್ನುವ ಆರ್ಡರ್) ಹಾಕಿ.

ಮಾರುಕಟ್ಟೆ ತೆರೆದ ಮೊದಲ ಅರ್ಧ ಗಂಟೆ, ಮುಚ್ಚುವ ಮುಂಚಿನ ಕೊನೆಯ ಕೆಲವು ನಿಮಿಷ ದೂರವಿರಿ. 2015ರ ಆಗಸ್ಟ್ 24ರ ಬೆಳಿಗ್ಗೆ ಅಮೆರಿಕದಲ್ಲಿ ಇಟಿಎಫ್‌ಗಳ ಒಳಗಿನ ಎಷ್ಟೋ ಷೇರುಗಳ ವಹಿವಾಟು ಶುರುವಾಗಿರಲಿಲ್ಲ, ಹಲವು ಇಟಿಎಫ್‌ಗಳು ತಮ್ಮ ನಿಜ ಮೌಲ್ಯಕ್ಕಿಂತ ತೀರಾ ಕಡಿಮೆ ಬೆಲೆಗೆ ಕೈಬದಲಾದವು. ಸಿಕ್ಕ ಬೆಲೆಗೆ ಮಾರುವ ಆರ್ಡರ್ ಹಾಕಿದ್ದವರು ಪೆಟ್ಟು ತಿಂದರು. ವಿದೇಶಿ ಷೇರುಗಳ ಇಟಿಎಫ್ ಆದರೆ, ಆ ದೇಶದ ಮಾರುಕಟ್ಟೆಯೂ ತೆರೆದಿರುವ ಹೊತ್ತಿದ್ದರೆ ಆಗಲೇ ಕೊಳ್ಳಿ, ಎರಡು ಬೆಲೆಗಳ ಅಂತರ ಸಾಮಾನ್ಯವಾಗಿ ಆಗ ಕಡಿಮೆ.

ಪ್ರತಿ ಆರ್ಡರ್‌ಗೂ ಒಂದೇ ಶುಲ್ಕ ಹಾಕುವ ಬ್ರೋಕರ್ ಆದರೆ ಕಂತುಗಳನ್ನು ಕೂಡಿಸಿ. 2,000ದ ಆರ್ಡರ್‌ಗೆ 20 ಶುಲ್ಕವೆಂದರೆ ಶೇ 1, ಅದೇ 20 ಕೊಟ್ಟು 20,000 ಹಾಕಿದರೆ ಶೇ 0.1. ಇಡೀ ಯೂನಿಟ್‌ಗಳನ್ನಷ್ಟೇ ಕೊಳ್ಳಬಹುದಾದ ಕಡೆ ಮಿಕ್ಕ ಚಿಲ್ಲರೆಯನ್ನು ಇಂಡೆಕ್ಸ್ ಫಂಡ್‌ಗೆ ಸೇರಿಸಿಬಿಡಿ.