ಗುಹಾಹಲ್ಲಿಯೋ, ಗವಿಹಲ್ಲಿಯೋ, ಗವಿಯೋತಿಯೋ?

ಪ್ರಶ್ನೆ: ಕಾದಂಬರಿಯೊಂದಕ್ಕಾಗಿ ಕಲ್ಪಿಸಿಕೊಂಡ ಜೀವಿಯೊಂದಿದೆ. ಸುಣ್ಣಕಲ್ಲಿನ ಗುಹೆಯಲ್ಲಿ ವಾಸ, ಬಿಳಿಚಿದ ಮೈ, ಕಣ್ಣಿಲ್ಲ. ನುಣುಪು ಗೋಡೆ ಹತ್ತುತ್ತದೆ, ಹಿಡಿದರೆ ಬಾಲ ಕಳಚುತ್ತದೆ. ‘ಗುಹಾಹಲ್ಲಿ’ ಎನ್ನಬಹುದೇ? ‘ಗುಹಾ ಓತಿಕ್ಯಾತ’ ಸರಿಯಾದೀತೇ?

ಉತ್ತರ: ಓತಿಕ್ಯಾತ ಖಂಡಿತ ಬೇಡ. ಇಂಗ್ಲಿಷಿನವರು ಲಿಜರ್ಡ್ ಎಂದು ಒಟ್ಟಿಗೆ ಕಟ್ಟಿಟ್ಟಿದ್ದನ್ನು ಕನ್ನಡ ಹಲ್ಲಿ, ಓತಿ, ಹಾವುರಾಣಿ, ಉಡ ಎಂದು ಬಿಡಿಸಿಟ್ಟಿದೆ. ಓತಿ ಬಿಸಿಲಿನ ಪ್ರಾಣಿ. ‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಎಂಬ ಗಾದೆಯೇ ಅದರ ವಿಳಾಸ ಹೇಳುತ್ತದೆ. ಅದಕ್ಕೆ ರೆಪ್ಪೆಯಿದೆ, ಮೈಮೇಲೆ ಒರಟು ಹುರುಪೆಯಿದೆ, ಹಲ್ಲಿಯಂತೆ ಬಾಲ ಕಳಚುವ ಅಭ್ಯಾಸವಿಲ್ಲ. ಹಾವುರಾಣಿಯ ಮೈ ಎಣ್ಣೆ ಸವರಿದಂತೆ ಮಿರುಗುತ್ತದೆ, ಕಾಲು ಗಿಡ್ಡ. ತರಗೆಲೆಯಡಿ ನುಸುಳುತ್ತದೆಯೇ ಹೊರತು ನುಣುಪು ಗೋಡೆ ಏರದು. ಉಡದ ಮಾತೇ ಬೇರೆ. ಉಳಿದದ್ದು ಹಲ್ಲಿ.

ಇನ್ನು ‘ಗುಹಾಹಲ್ಲಿ’. ಸಂಸ್ಕೃತದ ‘ಗುಹಾ’ಕ್ಕೆ ಕನ್ನಡದ ‘ಹಲ್ಲಿ’ ಅಂಟಿಸಿದರೆ ಅರಿಸಮಾಸ. ‘ಗವಿ’ ಎಂಬ ಪದ ಕೈಯಲ್ಲೇ ಇರುವಾಗ ಆ ತೊಡಕು ಏಕೆ? ‘ಗವಿಹಲ್ಲಿ’ ಎನ್ನಿ, ಹೇಳಲೂ ಸಲೀಸು.

ಹೆಸರು ‘ಹಲ್ಲಿ’ ಎಂದಾದ ಮೇಲೆ ವಿವರಗಳೂ ಅದಕ್ಕೆ ಹೊಂದಬೇಕು. ಮನೆಹಲ್ಲಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪೊರೆಯಿದೆ. ದೂಳು ಕೂತರೆ ನಾಲಿಗೆಯಿಂದಲೇ ಒರೆಸಿಕೊಳ್ಳುತ್ತದೆ. ಹಾಗಾಗಿ ‘ಹಲ್ಲಿ ಕಣ್ಣು ಮಿಟುಕಿಸಿತು’ ಎಂದರೆ ತಪ್ಪು. ಆದರೆ ಚೀನಾ, ವಿಯೆಟ್ನಾಂನ ಸುಣ್ಣಕಲ್ಲಿನ ಗುಡ್ಡಗಳಲ್ಲಿರುವ ಗೋನಿಯೂರೋಸಾರಸ್ ಕುಲದ ಹಲ್ಲಿಗಳಿಗೆ ರೆಪ್ಪೆಯುಂಟು, ಬೆರಳಡಿಯಲ್ಲಿ ಅಂಟುವ ಪಟ್ಟಿಗಳಿಲ್ಲ. ಅವು ಉಗುರು ಊರಿ ಒರಟು ಬಂಡೆ ಹತ್ತುತ್ತವೆ. ನಿಮ್ಮ ಪ್ರಾಣಿ ನುಣುಪು ಗೋಡೆ ಏರಬೇಕಾದರೆ ಮನೆಹಲ್ಲಿಯ ಪಾದ ಕೊಡಿ. ಹಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಇಡುವುದು ಎರಡು ಮೊಟ್ಟೆ. ಗೂಡು ತುಂಬ ಮೊಟ್ಟೆ ಎಂದು ಬರೆಯಬೇಡಿ. ಅದರ ಸದ್ದಿಗೆ ‘ಲೊಚಗುಟ್ಟು’ ಎಂಬ ಕ್ರಿಯಾಪದ ಸಿದ್ಧವಾಗಿಯೇ ಇದೆ. ‘ಪೊರೆ ಕಳಚು’ ಎಂಬುದನ್ನು ಹಾವಿನಂತೆ ಹಲ್ಲಿಗೂ ಬಳಸಬಹುದು; ವ್ಯತ್ಯಾಸವೆಂದರೆ ಹಲ್ಲಿ ಆ ಪೊರೆಯನ್ನು ತಿಂದುಬಿಡುತ್ತದೆ. ಗಾಳಿಯಲ್ಲಿ ತೇವ ಸಾಲದಿದ್ದರೆ ಪೊರೆ ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತದೆ, ರಕ್ತ ಹರಿಯದೆ ಬೆರಳು ಉದುರುವುದೂ ಉಂಟು. ಗವಿ ಒಣಗಿತು ಎಂದು ಓದುಗರಿಗೆ ತೋರಿಸಲು ಈ ಒಂದು ವಿವರ ಸಾಕು.

ಕಣ್ಣಿಲ್ಲದ ಬಿಳಿ ಮೈಯ ಕಲ್ಪನೆ ಬಂದಿರುವುದು ಬಹುಶಃ ಓಲ್ಮ್ ಎಂಬ ಗುಹಾಜೀವಿಯಿಂದ. ಸ್ಲೊವೇನಿಯಾದ ಸುತ್ತಿನ ಗುಹೆನೀರಿನಲ್ಲಿರುವ ಅದಕ್ಕೆ 1768ರಲ್ಲಿ ಪ್ರಕೃತಿವಿಜ್ಞಾನಿ ಲಾರೆಂಟಿ ಪ್ರೋಟಿಯಸ್ ಆಂಗ್ವಿನಸ್ ಎಂದು ಹೆಸರಿಟ್ಟ. ಅದು ಹಲ್ಲಿಯಲ್ಲ, ಸಾಲಮಾಂಡರ್. ಕಪ್ಪೆಯ ಕಡೆಯ ನೆಂಟ. ಕತ್ತಿನ ಪಕ್ಕ ಕೆಂಪು ಕಿವಿರು, ಮುಂಗಾಲಿಗೆ ಮೂರು ಬೆರಳು, ಹಿಂಗಾಲಿಗೆ ಎರಡು. ಕರ್ನಾಟಕದಲ್ಲಿ ಸಾಲಮಾಂಡರ್‌ಗಳಿಲ್ಲದ ಕಾರಣ ಅವಕ್ಕೆ ಕನ್ನಡದ್ದೇ ಹೆಸರು ಬಳಕೆಗೆ ಬಂದಿಲ್ಲ. ಹಾಗೆಂದು ‘ನೀರುಹಲ್ಲಿ’ ಎಂದು ಕರೆದರೆ ದಾರಿ ತಪ್ಪಿಸಿದಂತೆ. ಗುಹೆಯ ಕತ್ತಲಿಗೆ ಒಗ್ಗಿ ಕಣ್ಣು ಕಳೆದುಕೊಂಡ ನಿಜವಾದ ಹಲ್ಲಿ ಈವರೆಗೆ ಕಂಡುಬಂದಿಲ್ಲ. ಇರುವವು ಹಗಲು ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಹುಳ ಹಿಡಿಯಲು ಗವಿಬಾಯಿಗೆ ಬರುತ್ತವೆ. ಕಣ್ಣಿಲ್ಲದಿರುವುದು ಕತೆಗೆ ಬೇಕೇ ಬೇಕೆಂದಾದರೆ ‘ಕುರುಡು ಗವಿಹಲ್ಲಿ’ ಎಂದು ಬಿಡಿಸಿ ಬರೆಯಿರಿ. ಕಿವಿರನ್ನು ಮಾತ್ರ ಸೇರಿಸಬೇಡಿ. ಸೇರಿಸಿದರೆ ‘ಹಲ್ಲಿ’ ಎಂಬ ಪದವನ್ನೇ ಬಿಡಬೇಕಾಗುತ್ತದೆ.