ಪಾರ್ಕಿನ ಸ್ಕೇಟಿಂಗ್ ರಿಂಕ್ ಪ್ರತಿ ಬೇಸಿಗೆ ಒಂದೇ ಜಾಗದಲ್ಲಿ ಬಿರುಕು ಬಿಡುತ್ತಿದೆ, ಏನು ಮಾಡೋದು?

ಗದಗ_ಗಾಲಿ:
ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮಕ್ಕಳಿಗೆ ಬಯಲು ರಿಂಕ್ ಇದೆ. 4 ಇಂಚಿನ ಕಾಂಕ್ರೀಟ್. ಹುಲ್ಲುಹಾಸಿನ ಕಡೆ, ಅಂಚಿನಿಂದ ಸುಮಾರು 3 ಅಡಿ ಒಳಗೆ ಉದ್ದಕ್ಕೂ ಒಂದು ಬಿರುಕು. ಪ್ರತಿ ವರ್ಷ ಮಳೆಗೆ ಮುಂಚೆ ಸಿಮೆಂಟ್ ತುಂಬುತ್ತೇವೆ, ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಮೊನ್ನೆ ಅದರಲ್ಲಿ ಇನ್‌ಲೈನ್ ಗಾಲಿ ಸಿಕ್ಕಿ ಹುಡುಗಿಯೊಬ್ಬಳು ಬಿದ್ದಳು, ಮಣಿಕಟ್ಟಿಗೆ ಪೆಟ್ಟಾಯಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಹುಡುಗರು ಹೊರದೇಶದ ಪಾರ್ಕುಗಳ ಐಸ್ ರಿಂಕ್ ವಿಡಿಯೋ ನೋಡಿದ್ದಾರೆ. ಅಲ್ಲಿ ತೆಳ್ಳಗೆ ನೀರು ಹಾಯಿಸಿ ಹೊಸ ಪದರ ಕೂರಿಸುತ್ತಾರಲ್ಲ, ಹಾಗೇ ಇಡೀ ರಿಂಕಿಗೆ ಸಿಮೆಂಟ್ ಹಾಲು ಎರೆಯೋಣ ಅನ್ನುತ್ತಾರೆ. ಸರಿ ಹೋಗುತ್ತಾ? ಮರದ ನೆರಳಿನ ಮೂಲೆಯಲ್ಲಿ ಪಾಚಿಯೂ ಕಟ್ಟುತ್ತದೆ.

ಹಾವೇರಿ_ಸ್ಕೇಟರ್:
ಐಸ್‌ಗೆ ಆ ಉಪಾಯ ನಿಜವಾಗಿಯೂ ಸರಿ ರೀ. ಶಿಮ್ಲಾದಲ್ಲಿ 1920ರಿಂದ ಇರುವ ಬಯಲು ರಿಂಕಿನಲ್ಲಿ ಚಳಿಗಾಲದಲ್ಲಿ ನೀರು ಚಿಮುಕಿಸಿ ಬಿಡುತ್ತಾರೆ, ರಾತ್ರಿ ಅದು ತಾನೇ ಹೆಪ್ಪುಗಟ್ಟುತ್ತದೆ. ಬಿರುಕಿಗೆ ಹಿಮ ಮತ್ತು ನೀರು ಕಲಸಿ ತುಂಬಿದರೆ ಸಾಕು. ಹಳೇ ಐಸು, ಹೊಸ ಐಸು ಒಂದೇ ಆಗಿಬಿಡುತ್ತವೆ. ಕಾಂಕ್ರೀಟ್ ಹಾಗಲ್ಲ. ಒಣಗಿದ ಹಳೇ ಕಾಂಕ್ರೀಟಿನ ಮೇಲೆ ಸಿಮೆಂಟ್ ಹಾಲು ಸುಮ್ನೆ ಕೂತಿರುತ್ತದೆ, ಅಂಟುವುದಿಲ್ಲ. ಗಾಲಿ ತಿಕ್ಕಿದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ. ಆ ಪುಡಿಯ ಮೇಲೆ ಮಕ್ಕಳು ಜಾರುತ್ತಾರೆ. ದಯವಿಟ್ಟು ಬೇಡ.

ಹುಬ್ಬಳ್ಳಿ_ಸಿವಿಲ್:
ಬಿರುಕು ಅಂಚಿಗೆ ಸಮನಾಗಿ ಓಡುತ್ತಿದೆ, ಬೇಸಿಗೆಯಲ್ಲಿ ತೆರೆಯುತ್ತದೆ ಅಂದಿರಲ್ಲ, ನನಗೆ ಮೊದಲು ಅನುಮಾನ ಬರುವುದು ಕೆಳಗಿನ ಮಣ್ಣಿನ ಮೇಲೆ. ಎರಡು ವಿಷಯ ಹೇಳಿ. ಹುಲ್ಲಿಗೆ ದಿನಾ ನೀರು ಬಿಡುತ್ತಾರಾ? ಬಿರುಕಿನ ಮೇಲೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು ನೋಡಿ, ಯಾವ ಕಡೆ ಎತ್ತರ ಇದೆ?

ಗದಗ_ಗಾಲಿ:
ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ಎರಡೂ ಹೊತ್ತು ಬಿಡುತ್ತಾರೆ ಸರ್. ಪಟ್ಟಿ ಇಟ್ಟು ನೋಡಿದೆ. ಹುಲ್ಲಿನ ಕಡೆಯ ತುಂಡೇ ಮೇಲಿದೆ. ಕೆಳಗೆ ಎರೆ ಮಣ್ಣು.

ಹುಬ್ಬಳ್ಳಿ_ಸಿವಿಲ್:
ಹಾಗಾದರೆ ರೋಗ ಅದೇ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಕಡೆಯ ಹೊಲಗಳಲ್ಲಿ ಕೈ ಹೋಗುವಷ್ಟು ಬಿರುಕು ನೋಡಿಲ್ವಾ? ರಿಂಕಿನ ಕೆಳಗಿನ ಮಣ್ಣು ಒಣಗಿದೆ, ಅಂಚಿನದು ಹುಲ್ಲಿನ ನೀರು ಕುಡಿದು ಉಬ್ಬಿದೆ. ಅಂಚು ಮೇಲೇಳುತ್ತದೆ, ಕಾಂಕ್ರೀಟ್ ಮುರಿಯುತ್ತದೆ. ಮಳೆಗಾಲದಲ್ಲಿ ಎಲ್ಲಾ ಕಡೆ ಒದ್ದೆ, ವ್ಯತ್ಯಾಸ ಕಡಿಮೆ, ಬಿರುಕು ಮುಚ್ಚಿಕೊಳ್ಳುತ್ತದೆ. ಹೀಗೆ ಆಡುವ ಬಿರುಕಿಗೆ ಗಟ್ಟಿ ಸಿಮೆಂಟ್ ಎಷ್ಟು ಸಲ ತುಂಬಿದರೂ ನಿಲ್ಲುವುದಿಲ್ಲ.

ಮೊದಲು ನೀರಿನ ದಾರಿ ತಪ್ಪಿಸಿ. ಹುಲ್ಲನ್ನು ರಿಂಕಿನಿಂದ 4-5 ಅಡಿ ಹಿಂದೆ ಸರಿಸಿ. ಆ ಜಾಗದಲ್ಲಿ ಎರೆ ತೆಗೆದು ಗರಸು ತುಂಬಿ, ನೀರು ಹಾಕಿ ಚೆನ್ನಾಗಿ ದಮ್ಮಸ್ ಮಾಡಿಸಿ. ಅದರ ಮೇಲೆ ಹೊರಗೆ ಇಳಿಜಾರಿರುವ ಕಾಂಕ್ರೀಟ್ ಪಟ್ಟಿ ಬೇಕೇ ಬೇಕು, 50 ಅಡಿಗೆ 1 ಅಡಿ ಲೆಕ್ಕದ ಇಳಿಜಾರು. ಬರೀ ಗರಸು ತುಂಬಿ ಬಿಟ್ಟರೆ ಎರೆಯ ನಡುವೆ ನೀರಿನ ತೊಟ್ಟಿ ಕಟ್ಟಿದ ಹಾಗಾಗುತ್ತದೆ, ಮೊದಲಿಗಿಂತ ಕೆಟ್ಟದು. ಇದನ್ನು ಬಹಳ ಕಡೆ ಮರೆಯುತ್ತಾರೆ. ಪಟ್ಟಿಯ ಆಚೆ ಸಣ್ಣ ಗಟಾರ ಇರಲಿ. ಹೊಸ ಪಟ್ಟಿಯನ್ನು ರಿಂಕಿಗೆ ಕಟ್ಟಿಹಾಕಬೇಡಿ, ನಡುವೆ ಸಂದು ಬಿಟ್ಟು ಸೀಲ್ ಮಾಡಿ. ನಮ್ಮ ಬಿಸಿಲಿಗೆ ಕನಿಷ್ಠ 10 ದಿನ ಗೋಣಿತಟ್ಟು ಹೊದಿಸಿ, ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡಿ.

ಗದಗ_ಗಾಲಿ:
ಬಿರುಕನ್ನು ಈಗಲೇ ತುಂಬಲಾ?

ಹುಬ್ಬಳ್ಳಿ_ಸಿವಿಲ್:
ಈಗ ಅದು ಪೂರ್ತಿ ತೆರೆದಿದೆ. ಈಗ ತುಂಬಿದರೆ ಮಳೆಯಲ್ಲಿ ಹಿಂಡಿ ಮೇಲೆ ಉಬ್ಬುತ್ತದೆ. ಪೂರ್ತಿ ಮುಚ್ಚಿದಾಗ ತುಂಬಿದರೆ ಬೇಸಿಗೆಯಲ್ಲಿ ಹರಿಯುತ್ತದೆ. ಮಳೆ ಮುಗಿದು ಕಾಂಕ್ರೀಟ್ ಒಣಗಿದ ಮೇಲೆ, ಬಿರುಕು ನಡುಮಟ್ಟದಲ್ಲಿರುವಾಗ ಮಾಡಿ. ಹಳೇ ಸಿಮೆಂಟ್ ಕೆತ್ತಿ, ಧೂಳು ಊದಿ ತೆಗೆದು, ಎಳೆದರೆ ಹಿಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಿ. ಸಂದು ಅಗಲ ಮಾಡಬೇಡಿ, ಗಾಲಿ ಕಚ್ಚುತ್ತದೆ. ಎದ್ದಿರುವ ಅಂಚನ್ನೂ ಆಗಲೇ ಗ್ರೈಂಡ್ ಮಾಡಿಸಿ. ಈಗ ಉಜ್ಜಿಸಿದರೆ, ಹುಲ್ಲಿನ ನೀರು ತಪ್ಪಿ ಅಂಚು ಇಳಿದ ಮೇಲೆ ಅಲ್ಲೇ ತಗ್ಗು ಬೀಳುತ್ತದೆ. ಅಲ್ಲಿಯವರೆಗೆ ಬಿರುಕಿನ ಈಚೆ ಕೋನ್ ಸಾಲು ಇಟ್ಟು, ಉಳಿದ ಜಾಗದಲ್ಲಿ ಮಕ್ಕಳನ್ನು ಆಡಿಸಿ.

ಧಾರವಾಡ_ಅಕ್ಕ:
ಪಾಚಿಯ ಬಗ್ಗೆ ನಾನು ಹೇಳುತ್ತೇನೆ ತಮ್ಮಾ. ಮೇಲಿನ ಕೊಂಬೆ ಸವರಿಸಿ ಬಿಸಿಲು ಬೀಳುವ ಹಾಗೆ ಮಾಡಿ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಲಸಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಪ್ಲಾಸ್ಟಿಕ್ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಅದರ ಜೊತೆ ಆಸಿಡ್ ಮಾತ್ರ ಸೇರಿಸಲೇಬೇಡಿ, ವಿಷದ ಕ್ಲೋರಿನ್ ಗಾಳಿ ಬರುತ್ತದೆ. ತೊಳೆದ ನೀರು ಮರದ ಬುಡಕ್ಕೆ ಹೋಗದಿರಲಿ. ಆ ಮೂಲೆಯಲ್ಲಿ ನೀರು ನಿಲ್ಲುತ್ತಾ ಅಂತಲೂ ನೋಡಿ. ನಿಂತರೆ ಪಾಚಿ ಮತ್ತೆ ಬರುತ್ತದೆ.

ಗದಗ_ಗಾಲಿ:
ನಿಲ್ಲುತ್ತದೆ ಅಕ್ಕಾ, ಅಂಗೈ ಅಗಲದ ತಗ್ಗುಗಳಿವೆ. ಎಲ್ಲರಿಗೂ ಧನ್ಯವಾದ. ಹುಲ್ಲು ಹಿಂದೆ ಸರಿಸುವ ಮಾತನ್ನು ಪಾರ್ಕ್ ಸಮಿತಿಯ ಮುಂದೆ ಇಡುತ್ತೇನೆ.

ಧಾರವಾಡ_ಅಕ್ಕ:
ಒಂದು ಕೊಡ ನೀರು ಸುರಿದು, ಗಂಟೆ ಬಿಟ್ಟು ನಿಂತ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿಟ್ಟುಕೊಳ್ಳಿ. ಗ್ರೈಂಡಿಂಗ್‌ನವರು ಬಂದಾಗ ಆ ತಗ್ಗುಗಳ ಸುತ್ತ ಎಷ್ಟು ಉಜ್ಜಬೇಕು ಅಂತ ತೋರಿಸೋಕೆ ಬೇಕಾಗುತ್ತದೆ.