[ಪದಚರ್ಚೆ] ‘ಸೇಲ್ಸ್ ಔಟ್‌ರೀಚ್’, ‘ರೇಟಿಂಗ್’ ಇವಕ್ಕೆ ಕನ್ನಡದಲ್ಲಿ ಏನು? ನಾಳೆ ಬೆಳಗ್ಗೆ ಕೊಡಬೇಕು

ಎಲ್ಲರಿಗೂ ನಮಸ್ಕಾರ. ಒಂದು ಸಾಫ್ಟ್‌ವೇರಿನ ಕನ್ನಡ ಅನುವಾದ ಮಾಡ್ತಿದೀನಿ. ಎಐ ಬರೆದ ಮಾರಾಟದ ಇಮೇಲು, ವಾಟ್ಸಾಪ್ ಮೆಸೇಜುಗಳನ್ನ ಕಳಿಸೋಕೆ ಮುಂಚೆ ಒಬ್ಬರು ಕೂತು ಓದಿ ಒಂದರಿಂದ ಐದರ ತನಕ ರೇಟಿಂಗ್ ಕೊಡ್ತಾರೆ, ಭಾಷೆ ಸಹಜವಾಗಿದೆಯಾ, ಓದೋರ ಕಸುಬಿಗೆ ಹೊಂದುತ್ತಾ, ಸುಳ್ಳು ಭರವಸೆ ಏನಾದ್ರೂ ಇದೆಯಾ, ದುಂಬಾಲು ಬಿದ್ದ ಹಾಗಿದೆಯಾ ಅಂತೆಲ್ಲ. ರೇಟಿಂಗ್ ಕೊಡೋರು ಬೆಂಗಳೂರು, ಹುಬ್ಬಳ್ಳಿ ಕಡೆ ಡಿಗ್ರಿ ಮುಗಿಸಿದ ಹುಡುಗ ಹುಡುಗೀರು. ಸೇಲ್ಸ್ ಔಟ್‌ರೀಚ್, ಕೋಲ್ಡ್ ಮೇಲ್, ರೇಟಿಂಗ್, ಪರ್ಸನಲೈಸೇಶನ್, ಈ ನಾಲ್ಕಕ್ಕೆ ಪದ ಬೇಕು, ಪರದೆಯ ಗುಂಡಿ (ಬಟನ್) ಮೇಲೆ ಹಿಡಿಸಬೇಕು. ಕರಡಲ್ಲಿ ‘ಮಾರಾಟಸಂಪರ್ಕ ಸಂದೇಶ ಶ್ರೇಯಾಂಕ’ ಅಂತಿದೆ, ನನಗೇ ಸಮಾಧಾನ ಇಲ್ಲ.

---
ಉತ್ತರ:
‘ಶ್ರೇಯಾಂಕ’ ತಪ್ಪು. ಅದು ರ‍್ಯಾಂಕಿಂಗು, ಟೆನಿಸ್ ಸುದ್ದೀಲಿ ಬರೋದು. ಒಬ್ಬರ ಮುಂದೆ ಇನ್ನೊಬ್ಬರನ್ನ ನಿಲ್ಲಿಸಿದಾಗ ಮಾತ್ರ ಶ್ರೇಯಾಂಕ. ಇಲ್ಲಿ ಹತ್ತು ಮೆಸೇಜಿಗೂ ಐದಕ್ಕೆ ಐದು ಕೊಡಬಹುದಲ್ಲ. ತೆಗೆದುಹಾಕಿ.

---
ಉತ್ತರ:
> ಮಾರಾಟಸಂಪರ್ಕ

ಅರಿಸಮಾಸ. ‘ಮಾರಾಟ’ ನಮ್ಮದು, ‘ಸಂಪರ್ಕ’ ಸಂಸ್ಕೃತ, ಎರಡನ್ನೂ ಬೆಸೆದು ಸಮಾಸ ಮಾಡಬಾರದು. ಕುದಿಯೋ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ಅಂತ ಕವಿರಾಜಮಾರ್ಗಕಾರ ಒಂಬತ್ತನೇ ಶತಮಾನದಲ್ಲೇ ಹೇಳಿ ಆಗಿದೆ. ನನ್ನ ಸಲಹೆ ‘ಮಾರಂಚೆ’. ಇಮೇಲಿಗೆ ‘ಮಿಂಚಂಚೆ’ ಬಳಕೆಗೆ ಬಂದಿದೆ, ಇದೂ ಬರುತ್ತೆ. ಅಂಚೆ ಅಂದರೆ ಹಂಸ, ಹಳಗನ್ನಡದಲ್ಲಿ ಹಂಸದ ತದ್ಭವವೇ ಅಂಚೆ. ಮುಖ ನೋಡದ ದಮಯಂತಿಗೆ ನಳನ ಗುಣ ಹೇಳಿ ಒಪ್ಪಿಸಿದ್ದು ಹಂಸ, ಗುರುತಿಲ್ಲದವರಿಗೆ ಮೊದಲ ಸುದ್ದಿ ಮುಟ್ಟಿಸೋದು ಅಂದ್ರೆ ಇದೇ ತಾನೆ. ರೇಟಿಂಗಿಗೆ ‘ಒರೆಯಂಕ’. ಚಿನ್ನ ಒರೆಗೆ ಹಚ್ಚೋದು ಎಲ್ಲರಿಗೂ ಗೊತ್ತು.

---
ಉತ್ತರ:
ಸರ್, ‘ಒರೆಯಂಕ’ದಲ್ಲಿ ಒರೆ ಕನ್ನಡ, ಅಂಕ ಸಂಸ್ಕೃತ. ನೀವು ಹೇಳಿದ ಅರಿಸಮಾಸವೇ ಆಯ್ತು. ಅಂಚೆ–ಹಂಸ ನಂಟೂ ನಿಲ್ಲಲ್ಲ. ತಿರುವಾಂಕೂರಿನ ಟಪಾಲಿಗೆ ‘ಅಂಚಲ್’ ಅಂತಿದ್ರು, ತಮಿಳಲ್ಲೂ ಅಂಚಲ್. ತಮಿಳಲ್ಲಿ ಹಂಸ ‘ಅನ್ನಂ’. ಹಕ್ಕಿ ಒಂದು ಕಡೆ, ಟಪಾಲು ಒಂದು ಕಡೆ.

---
ಉತ್ತರ:
ನೋಡ್ರಿ, ನಮ್ಮ ಕಡೆ ಮಂದಿ ‘ಗಿರಾಕಿ’ ಅಂತಾರ, ಅದನ್ನ ಹಾಕ್ರಿ ಅಂತ ಯಾರರೆ ಹೇಳೂದಕ್ಕಿಂತ ಮೊದ್ಲ ನಾನ ಬ್ಯಾಡ ಅಂತೀನಿ. ಗಿರಾಕಿ ಅಂದ್ರ ಅಂಗಡಿ ಮೆಟ್ಲ ಹತ್ತಿದಾಂವ. ಈ ಮೆಸೇಜ್ ಹೋಗೂದು ಇನ್ನೂ ಹತ್ತದವರಿಗೆ. ಮ್ಯಾಲ ‘ಅವ ಒಂದ್ ಗಿರಾಕಿ’ ಅಂದ್ರ ಬ್ಯಾರೆ ಅರ್ಥನ ಆಗ್ತದ. ರೇಟಿಂಗಿಗೆ ‘ದರ್ಜೆ’ನೂ ಬ್ಯಾಡ್ರಿ, ಪ್ರಥಮ ದರ್ಜೆ ಸಹಾಯಕ, ಪ್ರಥಮ ದರ್ಜೆ ಕಾಲೇಜು ಅಂತ ಸರಕಾರದವ್ರು ಅದನ್ನ ಆಗಲೇ ಹಿಡಕೊಂಡಾರ. ‘ಅಂಕ’ ಸಾಕ್ರಿ, ಪರೀಕ್ಷಾ ಬರದವ್ರಿಗೆಲ್ಲ ತಿಳೀತದ.

---
ಉತ್ತರ:
ಕೆಲಸ ಏನು ಅಂತ ನೋಡದೆ ಪದ ಕಟ್ಟೋಕೆ ಹೊರಟರೆ ಹೀಗೇ ಆಗೋದು. ಕೋಲ್ಡ್ ಮೇಲ್ ಅಂದ್ರೆ ಕೇಳದೆ ಬರೋ ಮೇಲ್, ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳಲ್ಲೂ ಕೇಳದೆ ಬರೋ ವ್ಯಾಪಾರದ ಕರೆ, ಎಸ್ಸೆಮ್ಮೆಸ್ಸು ಅಂತಲೇ ವಿಂಗಡಣೆ. ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸೋರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಕಟ್ಟುನಿಟ್ಟು ಮಾಡಿದೆ, ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗೋ ದಾರಿ ಇರಬೇಕು. ಸಾವಿರಕ್ಕೆ ಮೂರು ಜನ ಸಿಡುಕಿದ್ರೂ ಗಡಿ ಮುಟ್ಟಿದ ಹಾಗೆ, ಅದಕ್ಕೇ ಕಳಿಸೋಕೆ ಮುಂಚೆ ಓದಿಸಿ ಅಂಕ ಹಾಕಿಸೋದು. ‘ಮಾರಂಚೆ’ ಅಂತ ಗುಂಡಿ ಮೇಲೆ ಬರೆದ್ರೆ ರೇಟಿಂಗ್ ಕೊಡೋ ಹುಡುಗಿ ಮೊದಲು ಆ ಪದ ಏನು ಅಂತ ಯಾರನ್ನಾದ್ರೂ ಕೇಳಬೇಕು, ಆಮೇಲೆ ಮೆಸೇಜು ಓದಬೇಕು.

ಆ ಹುಡುಗಿ ಮುಂದೆ ಏನು ಬರುತ್ತೆ ಗೊತ್ತಾ? “ಆತ್ಮೀಯ ಹಾರ್ಡ್‌ವೇರ್ ಅಂಗಡಿ ಮಾಲೀಕರೇ, ಈ ಇಮೇಲ್ ನಿಮ್ಮನ್ನು ಚೆನ್ನಾಗಿ ಕಂಡುಕೊಳ್ಳುತ್ತದೆ ಎಂದು ಆಶಿಸುತ್ತೇನೆ. ನಿಮ್ಮ ವ್ಯವಹಾರವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯಲು ನಾವು ಉತ್ಸುಕರಾಗಿದ್ದೇವೆ.” ಇದು ಈಗ ಎಲ್ಲರ ಇನ್‌ಬಾಕ್ಸಿಗೂ ಬರ್ತಿರೋ ಎಐ ಕನ್ನಡದ ನಮೂನೆ. ಪ್ರತಿ ಪದವೂ ನಿಘಂಟಲ್ಲಿದೆ, ಅರಿಸಮಾಸ ಹುಡುಕಿದ್ರೂ ಸಿಗಲ್ಲ, ಆದ್ರೆ ತುಮಕೂರಲ್ಲಿ ಮೊಳೆ ತೂಗ್ತಾ ನಿಂತಿರೋರಿಗೆ ಯಾರೂ ಹೀಗೆ ಮಾತಾಡಿಸಲ್ಲ. ‘ನಮಸ್ಕಾರ ಸರ್, ಜಿಎಸ್‌ಟಿ ಬಿಲ್ಲು ಈಗಲೂ ಕೈಯಲ್ಲೇ ಬರೀತೀರಾ’ ಅಂತ ಕೇಳಿದ್ರೆ ಉತ್ತರ ಬಂದೀತು. ಈ ವ್ಯತ್ಯಾಸ ಹಿಡಿಯೋದೇ ರೇಟಿಂಗ್ ಕೊಡೋರ ಕೆಲಸ, ಅದಕ್ಕೆ ಅವರ ಮುಂದಿರೋ ಪರದೆ ಮೊದಲು ಸಲೀಸಾದ ಕನ್ನಡದಲ್ಲಿರಬೇಕು. ‘ವೈಯಕ್ತೀಕರಣ’ ಅಂತ ಖಂಡಿತಾ ಹಾಕಬೇಡಿ. ಹೆಸರೂ ಊರೂ ತುಂಬಿಸಿದ್ರೆ ಮುಗೀತು ಅಂದ್ಕೊಳ್ತಾರೆ. ‘ಓದೋರಿಗೆ ಹೊಂದುತ್ತಾ?’ ಅಂತ ಪ್ರಶ್ನೆಯಾಗೇ ಇಡಿ.

ಅರಿಸಮಾಸದ ತಲೆನೋವಿಗೆ ಮದ್ದು ಸುಲಭ, ಸಮಾಸ ಬಿಡಿಸಿ ವಿಭಕ್ತಿ ಹಚ್ಚಿ: ‘ಮಾರಾಟದ ಮೆಸೇಜು’.

---
ಉತ್ತರ:
> ಮಾರಾಟದ ಮೆಸೇಜು

ಮೆಸೇಜು! ಇದೇ ನನ್ನ ಸಂಕಟ. ಈ ಯಂತ್ರಗಳು ಕಲಿಯೋದು ನಾವು ಬರೆದು ಹಾಕಿದ್ದರಿಂದ. ಇವತ್ತು ಮೆಸೇಜು, ರೇಟಿಂಗು ಅಂತ ತುಂಬಿದ್ರೆ ನಾಳೆ ಅದನ್ನೇ ಕನ್ನಡ ಅಂತ ನಮಗೆ ವಾಪಸ್ ಬಡಿಸುತ್ತೆ. ಹಳಗನ್ನಡದ ಕವಿ ಆಂಡಯ್ಯ ಸಂಸ್ಕೃತದ ತತ್ಸಮ ಮುಟ್ಟದೆ ಇಡೀ ಕಾವ್ಯ ಬರೆದ. ನಮಗೆ ಒಂದು ಗುಂಡಿಗೆ ಪದ ಸಿಗಲ್ವಾ?

---
ಉತ್ತರ:
ಆಂಡಯ್ಯ ಬರೆದದ್ದು ಕಾವ್ಯ. ಅದನ್ನ ಓದೋರಿಗೆ ಬಿಡುವಿತ್ತು. ಮತ್ತೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಕೂಡ ಬಿರುದಾವಳಿಯಲ್ಲಿ, ಹಿಂದಿನ ಕವಿಗಳ ಪ್ರಯೋಗದಲ್ಲಿ ಬಂದ ಅರಿಸಮಾಸ ಒಪ್ಪಿದಾನೆ, ವ್ಯಾಕರಣ ಹೇಳೋರು ಆ ಸೂತ್ರ ಪೂರ್ತಿ ಓದಬೇಕು. ಖರೀದಿ, ವಸೂಲಿ, ರವಾನೆ, ದಲ್ಲಾಳಿ, ಇವೆಲ್ಲ ಪಾರಸಿ–ಅರಬ್ಬಿ ಕಡೆಯಿಂದ ಬಂದು ಸಂತೇಲಿ ನಿಂತವು, ತೆಗೆದ್ರೆ ವ್ಯಾಪಾರವೇ ನಡೆಯಲ್ಲ. ಮೊಬೈಲಿಗೆ ‘ಜಂಗಮವಾಣಿ’ ಅಂದ್ರು, ಯಾರ ಬಾಯಿಗೂ ಹತ್ತಲಿಲ್ಲ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷರ ಇಲಾಖೆಗೆ ಸೇರಿಹೋದ್ರೂ ‘ಅಂಚೆ’ ಉಳೀತು, ಯಾಕಂದ್ರೆ ಜನ ದಿನಾ ಆಡ್ತಿದ್ರು. ಯಂತ್ರಕ್ಕೆ ಕಲಿಸಬೇಕಾದ್ದೂ ಆ ಆಡುಮಾತೇ.

---
ಉತ್ತರ:
ಬಳಕೆ ಬಳಕೆ ಅಂತ ಹೇಳ್ಕೊಂಡೇ ‘ಅನ್ನ’ ಹೋಗಿ ‘ರೈಸ್’ ಬಂತು. ನಾನು ಒಪ್ಪಲ್ಲ.

---
ಉತ್ತರ:
ನೀವು ಒಪ್ಪೂದ್ರೊಳಗ ಅವ್ರು ಫೈಲ್ ಕೊಡೂ ಮುಂಜಾನಿ ಆಗ್ತದ್ರಿ. ಕೋಲ್ಡ್ ಮೇಲ್ ಹಂಗ ಉಳೀತು ನೋಡ್ರಿ. ‘ಮೊದಲ ಪರಿಚಯದ ಮೇಲ್’ ಅನ್ರಿ. ಬರೇ ‘ಪರಿಚಯ ಪತ್ರ’ ಅನಬ್ಯಾಡ್ರಿ, ಅದು ದೊಡ್ಡ ಮನಶ್ಯಾರ ಕೈಲೆ ಬರಿಸಿಕೊಂಡು ಹೋಗೂ ಚೀಟಿ.

---
ಮೂಲ ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ‘ಮಾರಾಟದ ಮೆಸೇಜು’, ‘ಮೊದಲ ಪರಿಚಯದ ಮೇಲ್’, ‘ಅಂಕ ಕೊಡಿ’, ‘ಓದೋರಿಗೆ ಹೊಂದುತ್ತಾ?’ ಇಷ್ಟು ಹಾಕಿದೀನಿ. ‘ಮೆಸೇಜು’ ಜಾಗಕ್ಕೆ ‘ಸಂದೇಶ’ ಇಡೋಣ ಅಂತ ನೋಡಿದೆ, ಸಂತಾಪ ಸಂದೇಶ, ಹಬ್ಬದ ಸಂದೇಶ ಅನ್ನೋ ಗಾಂಭೀರ್ಯ ಬಂದುಬಿಡುತ್ತೆ, ಹಾಗಾಗಿ ಬಿಟ್ಟೆ. ಪಟ್ಟಿ ನೋಡೋವಾಗ ಇನ್ನೆರಡು ಸಿಕ್ಕಿವೆ: ‘ರೀಜನರೇಟ್’ಗೆ ‘ಇನ್ನೊಮ್ಮೆ ಬರೆಸಿ’, ‘ಟೂ ಪುಶಿ’ಗೆ ‘ಒತ್ತಾಯ ಜಾಸ್ತಿ’. ತಕರಾರಿದ್ರೆ ರಾತ್ರಿ ಹತ್ತರ ಒಳಗೆ ಹೇಳಿ, ಆಮೇಲೆ ಫೈಲ್ ಕಳಿಸಿಬಿಡ್ತೀನಿ.